ನಾಲ್ಕನೆಯವರಿಗೆ ಏನೂ ಇಲ್ಲ

ಉಷಾರಾಣಿ ಆಂಟಿಯ ಫೋನ್ ಬಂದಾಗ ಕೌಸ್ತುಭ್ ಮನೆ ಬಿಟ್ಟು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ಅವನನ್ನು ಕ್ಲೈಂಟ್ ಆಫೀಸಿಗೆ ಕೆಲಸಕ್ಕೆ ಕಳಿಸುವ ಕಂಪನಿಯ ಮಾಲೀಕ ಹಯಗ್ರೀವ ಅವರು ಹಿಂದಿನ ಸಂಜೆ ಕರೆ ಮಾಡಿ, ನಾಳೆ ಮಧ್ಯಾಹ್ನ ಒಂದು ಗಂಟೆಗೆ ಕಾಪೆಲ್‌ನ ಆಫೀಸಿಗೆ ಬಾ ಎಂದಿದ್ದರು. ಯಾಕೆಂದು ಹೇಳಿರಲಿಲ್ಲ. ನಮ್ಮ ಗ್ರೀನ್ ಕಾರ್ಡ್ ಅರ್ಜಿ ಹಾಕಬೇಕಾದವರು ಅವರೇ. ಅದರ ಸುದ್ದಿಯೇ ಇರಬೇಕೆಂದು ಕೌಸ್ತುಭ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಖುಷಿಯಾಗಿ ಹೊರಟಿದ್ದ. ರೌಂಡ್ ರಾಕ್‌ನಿಂದ ಕಾಪೆಲ್‌ಗೆ ಮೂರು ಗಂಟೆಯ ಡ್ರೈವ್.

"ಮಹತಿ, ನಾ ಹೇಳಿದೆ ಅಂತ ಯಾರ ಮುಂದೂ ಅನಬ್ಯಾಡ," ಎಂದರು ಆಂಟಿ. ಅವರು ಹಯಗ್ರೀವರ ಹೆಂಡತಿ, ಧಾರವಾಡದವರು. ಯಾವ ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರರು. "ನಿನ್ನ ಗಂಡ ಆಫೀಸಿನ್ಯಾಗ ಕೂತು ಇಸ್ಪೀಟ್ ಆಡ್ತಾನಂತಲ್ಲ?"

"ಇಸ್ಪೀಟಾ? ಇಲ್ಲ ಆಂಟಿ, ಅವನಿಗೆ ರಮ್ಮಿನೂ ಸರಿಯಾಗಿ ಬರಲ್ಲ."

"ಬರ್ತದವಾ. ನಮ್ಮನಿಯವರು ದಿನಾ ನೋಡ್ತಾರಂತ, ಕಂಪ್ಯೂಟರಿನ್ಯಾಗ. ಇವರಿಗೂ ಅದೇ ಹುಚ್ಚು. ಮಧ್ಯಾಹ್ನ ರೂಮಿನ ಬಾಗಲಾ ಹಾಕ್ಕೊಂಡು ಪೋಕರ್ ಆಡ್ಕೋತ ಕೂಡ್ತಾರ. 'ಕಾಪೆಲ್ ಕಿಂಗ್' ಅಂತ ಹೆಸರು ಬ್ಯಾರೆ! ರಾತ್ರಿ ಮಣಕಾಲಿಗೆ ಎಣ್ಣಿ ತಿಕ್ಕಸ್ಕೊಳ್ಳೋ ಕಿಂಗು."

ನನಗೆ ನಗು ಬರಲಿಲ್ಲ. ಕಾಪೆಲ್ ಕಿಂಗ್ ಯಾರೆಂದು ನನಗೆ ಗೊತ್ತಿತ್ತು. ಅಂದರೆ, ಆ ಹೆಸರು ಗೊತ್ತಿತ್ತು. ಅದರ ಹಿಂದಿನ ಮುಖ ಗೊತ್ತಿರಲಿಲ್ಲ.

"ಇವರು ಆಡಿದರ ಅದು ಇವರ ಕಂಪನಿ," ಆಂಟಿ ಮುಂದುವರಿಸಿದರು. "ಕೌಸ್ತುಭನ ಟೈಮಿಗೆ ಕ್ಲೈಂಟ್ ರೊಕ್ಕಾ ಕೊಡ್ತಾನ. ಕ್ಲೈಂಟಿಗೆ ಗೊತ್ತಾದರ ಇವರ ಮರ್ಯಾದಿ ಉಳಿಯೂದಿಲ್ಲ. ಇವತ್ತ ಅವನ್ನ ತಗದುಬಿಡ್ತೀನಿ, ಗ್ರೀನ್ ಕಾರ್ಡ್ ಫೈಲೂ ಹಾಕೂದಿಲ್ಲ ಅನ್ಲಿಕ್ಕತ್ತಾರ. ನೀವು ಏನರೆ ದಾರಿ ನೋಡ್ಕೋರಿ, ಅದಕ್ಕ ಹೇಳಿದೆ."

ಫೋನ್ ಇಟ್ಟೆ. ಕೌಸ್ತುಭ್‌ನ ಕೆಲಸ ಹೋದರೆ ಅವನ ವೀಸಾ ಹೋಗುತ್ತದೆ. ಅವನ ವೀಸಾದ ಬಾಲ ಹಿಡಿದಿರುವ ನನ್ನದೂ ಹೋಗುತ್ತದೆ. ಅವನು ಯಾವತ್ತೂ ಪೋಕರ್ ಆಡಿದವನಲ್ಲ. ಆಡುತ್ತಿದ್ದವಳು ನಾನು.

ನನ್ನದು ಎಚ್-ಫೋರ್ ವೀಸಾ. ಹೆಂಡತಿಯಾಗಿ ಬರಬಹುದು, ಇರಬಹುದು, ಓದಬಹುದು, ಸಂಪಾದಿಸುವ ಹಾಗಿಲ್ಲ. ಮಾನಸಗಂಗೋತ್ರಿಯಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದು ಇಡೀ ದಿನ ಅಪಾರ್ಟ್‌ಮೆಂಟಿನಲ್ಲಿ ಕೂರುತ್ತಿದ್ದ ನನಗೆ ಬೇಸರ ಕಳೆಯಲೆಂದು ಕೌಸ್ತುಭ್ ತನ್ನ ಬ್ಯಾಂಕ್ ಖಾತೆಯಿಂದ, ತನ್ನ ಹೆಸರಿನಲ್ಲಿ ಒಂದು ಪೋಕರ್ ತಾಣದಲ್ಲಿ ಖಾತೆ ತೆರೆದು ಕೊಟ್ಟಿದ್ದ. ಪರದೆಯ ಮೇಲೆ 'ಕೌಸ್ತುಭ್' ಎಂದೂ ಕೆಳಗೆ 'ರೌಂಡ್ ರಾಕ್' ಎಂದೂ ಕಾಣುತ್ತಿತ್ತು. ಆ ಊರಿನಲ್ಲಿ ಆ ಹೆಸರಿನವರು ಇನ್ನೆಷ್ಟು ಜನ ಇದ್ದಾರು? ಎರಡು ವರ್ಷದಿಂದ ಗಂಡನ ಹೆಸರಿನ ಅಡಿಯಲ್ಲೇ ಇದ್ದು ಅಭ್ಯಾಸವಾಗಿದ್ದ ನನಗೆ, ಆ ಹೆಸರನ್ನು ಯಾರಾದರೂ ಗುರುತಿಸಬಹುದು ಎಂದು ಹೊಳೆದೇ ಇರಲಿಲ್ಲ.

ನಾನು ಆಡುತ್ತಿದ್ದದ್ದು ಒಂದೇ ಮೇಜಿನ ಟೂರ್ನಮೆಂಟ್. ಒಂಬತ್ತು ಜನ ಕೂರುತ್ತಾರೆ, ಎಲ್ಲರಿಗೂ ಸಮನಾದ ಚಿಪ್ಸ್, ಅಂದರೆ ಪಣಕ್ಕಿಡುವ ಬಿಲ್ಲೆಗಳು. ಒಬ್ಬೊಬ್ಬರ ಕೈಗೆ ಎರಡೆರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು; ಅವುಗಳ ಜೊತೆ ದೊಡ್ಡ ಜೋಡಿ ಕೂಡಿಸಿದವರಿಗೆ, ಜೋಡಿಯೇ ಇಲ್ಲದಿದ್ದರೆ ದೊಡ್ಡ ಎಲೆ ಇದ್ದವರಿಗೆ ಆ ಸುತ್ತು. ಚಿಪ್ಸ್ ಮುಗಿದವರು ಎದ್ದು ಹೋಗಬೇಕು. ಕೊನೆಯ ಮೂವರಿಗೆ ಬಹುಮಾನ, ನಾಲ್ಕನೆಯವರಿಗೆ ಏನೂ ಇಲ್ಲ. ಆಟದ ಗುಟ್ಟೆಲ್ಲ ಇಲ್ಲಿದೆ. ಮೊದಮೊದಲು ಬಂದ ಎಲೆಗಳನ್ನೆಲ್ಲ ಕೆಳಗಿಟ್ಟು, ಸುತ್ತನ್ನು ಬಿಟ್ಟುಕೊಟ್ಟು ಸುಮ್ಮನಿರಬೇಕು. ಆತುರದವರು ಪರಸ್ಪರ ಹೊಡೆದಾಡಿಕೊಂಡು ಖಾಲಿಯಾಗುತ್ತಾರೆ. ನಾಲ್ಕು ಜನ ಉಳಿದಾಗ ಎಲ್ಲರಿಗೂ ಹೆದರಿಕೆ ಹತ್ತುತ್ತದೆ. ಆಗ ಧೈರ್ಯವಿದ್ದವರು ಉಳಿದವರ ಹೆದರಿಕೆಯನ್ನೇ ದೋಚುತ್ತಾರೆ. ನಾನು ಮೊದಲ ಭಾಗದಲ್ಲಿ ತುಂಬ ಚೆನ್ನಾಗಿ ಆಡುತ್ತಿದ್ದೆ. ಎರಡನೆಯ ಭಾಗದಲ್ಲಿ ಬೇರೆ ಯಾರಾದರೂ ಬೀಳಲಿ ಎಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಹಾಗಾಗಿ ಹೆಚ್ಚಾಗಿ ಮೂರನೆಯವಳಾಗಿ ಬರುತ್ತಿದ್ದೆ.

ಕಾಪೆಲ್ ಕಿಂಗ್ ನನಗೆ ತೀರಾ ತದ್ವಿರುದ್ಧ. ಎಂಥ ಎಲೆ ಬಂದರೂ ಬಿಡುವವರಲ್ಲ. ಚಿಪ್ಸ್ ಗುಡ್ಡೆ ಹಾಕಿಕೊಂಡರೆ ಕೊನೆಯಲ್ಲಿ ಎಲ್ಲರ ಮೇಲೂ ಎರಗುವವರು. ಆ ಮೇಜುಗಳಿಗೆ ನಾನು ಬೇಕೆಂದೇ ಹೋಗುತ್ತಿದ್ದೆ. ಅಂಥವರಿದ್ದರೆ ಜನ ಬೇಗ ಖಾಲಿಯಾಗುತ್ತಾರಲ್ಲ.

ನಾನು ಕೌಸ್ತುಭ್‌ನ ಮೊಬೈಲ್‌ಗೆ ಫೋನ್ ಮಾಡಿದೆ. ಅವನು ಟೆಂಪಲ್ ಊರು ದಾಟುತ್ತಿದ್ದ. ವಿಷಯವೆಲ್ಲ ಹೇಳಿದೆ.

"ಇಷ್ಟೇ ತಾನೇ? ನನ್ನ ಹೆಂಡತಿ ಆಡ್ತಾಳೆ ಸರ್ ಅಂತ ಹೇಳ್ತೀನಿ."

"ಬೇಡ. ಅವರು ನಂಬಲ್ಲ. ಸಿಕ್ಕಿಬಿದ್ದ ಗಂಡಂದಿರೆಲ್ಲ ಹೆಂಡತಿ ಕಡೆಗೇ ಬೆರಳು ತೋರಿಸೋದು. ಅಲ್ಲದೆ ನಾನು ಎಚ್-ಫೋರ್. ಪ್ರಭಾ ಕಥೆ ಮರೆತುಬಿಟ್ಯಾ?"

ಫ್ಲೂಗರ್‌ವಿಲ್‌ನ ಪ್ರಭಾ ನನ್ನ ಹಾಗೇ ಎಚ್-ಫೋರ್; ಕನ್ನಡ ಸಂಘದವರಿಗೆಲ್ಲ ಹೋಳಿಗೆ ಮಾಡಿ ಮಾರುತ್ತಿದ್ದಳು. ಯಾರೋ ದೂರು ಕೊಟ್ಟರೆಂದೂ ಅವಳ ಗಂಡನ ಅರ್ಜಿ ಅಲ್ಲಿಗೇ ನಿಂತಿತೆಂದೂ ಸುದ್ದಿ. ನಿಜವೋ ಸುಳ್ಳೋ, ಆ ಸುದ್ದಿ ಕೇಳಿದ ಮೇಲೆ ನಾನು ಪಕ್ಕದ ಮನೆಯ ಮಗುವನ್ನು ನೋಡಿಕೊಂಡದ್ದಕ್ಕೆ ಅವರು ಕೊಟ್ಟ ಹೂಕುಂಡವನ್ನೂ ವಾಪಸ್ ಕೊಟ್ಟಿದ್ದೆ.

"ಹೋಳಿಗೆ ಬೇರೆ, ಇಸ್ಪೀಟ್ ಬೇರೆ ಕಣೆ."

"ಕೈಗೆ ಬರೋ ದುಡ್ಡು ಒಂದೇ ಅಲ್ವಾ? ನಮ್ಮ ಬಾಯಿಂದ ಅದು ಬರಬಾರದು. ಕೇಳು ಇಲ್ಲಿ. ನೀನು ಅವರ ಎದುರಿಗೆ ನಿಂತಿರುವಾಗಲೇ ನಿನ್ನ ಹೆಸರು ಅವರ ಸ್ಕ್ರೀನ್ ಮೇಲೆ ಆಡ್ತಾ ಇದ್ರೆ? ನೀನಲ್ಲ ಅನ್ನೋದನ್ನ ಅವರೇ ಕಣ್ಣಾರೆ ನೋಡ್ತಾರೆ. ಮತ್ಯಾರು ಅಂತ ನಾವು ಹೇಳಬೇಕಾಗೇ ಇಲ್ಲ."

"ನಾನು ಹೋಗೋ ತನಕ ನೀನು ಔಟ್ ಆಗದೆ ಇರ್ತೀಯಾ?"

"ಔಟ್ ಆಗದೆ ಇರೋದೊಂದೇ ನನಗೆ ಬರೋದು," ಎಂದೆ.

ಮಧ್ಯಾಹ್ನ ಲಾಗಿನ್ ಆಗಿ ಕಾದೆ. ಕಾಪೆಲ್ ಕಿಂಗ್ ಒಂದು ಮೇಜಿಗೆ ಬಂದು ಕೂತ ತಕ್ಷಣ ಅವರ ಎಡಗಡೆಯ ಖಾಲಿ ಜಾಗ ಹಿಡಿದೆ. ಅಲ್ಲಿ ಕೂತರೆ ಬಹುಪಾಲು ಅವರು ಮಾಡಿದ್ದನ್ನು ನೋಡಿದ ಮೇಲೆ ನಮ್ಮ ಸರದಿ ಬರುತ್ತದೆ. ಮೇಜು ತುಂಬಿತು, ಆಟ ಶುರುವಾಯಿತು. ಮೇಜಿನಲ್ಲಿ ಹರಟಲು ಒಂದು ಚಿಕ್ಕ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮೂಡಿತು.

"ಏನಪಾ ಕೌಸ್ತುಭ, ಒಂದಕ್ಕ ಬಾ ಅಂದಿದ್ದೆ. ಯಾವ ಕಾಫಿ ಅಂಗಡ್ಯಾಗ ಕೂತು ಆಡ್ಲಿಕ್ಕತ್ತಿ?"

ಅವರು ಮೊದಲ ಬಾರಿಗೆ ನನ್ನೊಡನೆ ಮಾತಾಡಿದ್ದರು, ನಾನಲ್ಲದ ನನ್ನೊಡನೆ. ನಾನು ಉತ್ತರ ಬರೆಯಲಿಲ್ಲ.

"ಉತ್ತರ ಕೊಡ್ಲಿಕ್ಕೂ ಪುರಸತ್ತಿಲ್ಲೇನು ಸಾಹೇಬ್ರಿಗೆ?"

ಎಲೆಗಳು ಬಂದವು, ಕೆಳಗಿಟ್ಟೆ. ಮತ್ತೆ ಬಂದವು, ಮತ್ತೆ ಕೆಳಗಿಟ್ಟೆ. ರಾಜ ರಾಣಿ ಬಂದರೂ ಇಟ್ಟೆ. ಒಬ್ಬ ಹೋದ, ಇನ್ನೊಬ್ಬ ಹೋದ. ಹೋದವರಲ್ಲಿ ಹೆಚ್ಚಿನವರನ್ನು ಕಳಿಸಿದವರು ಹಯಗ್ರೀವರೇ. ನನಗೆ ಬೇಕಾದ್ದು ಆಗುತ್ತಿತ್ತು, ಆದರೆ ತುಂಬ ಬೇಗ ಆಗುತ್ತಿತ್ತು. ಪ್ರತಿ ಸುತ್ತಿಗೂ ಇಬ್ಬರು ಸರದಿಯಂತೆ, ಒಬ್ಬರು ಚಿಕ್ಕದು ಒಬ್ಬರು ದೊಡ್ಡದು, ಎಲೆ ನೋಡುವ ಮೊದಲೇ ಕಟ್ಟಬೇಕಾದ ಚಿಪ್ಸ್‌ಗೆ ಬ್ಲೈಂಡ್ ಅನ್ನುತ್ತಾರೆ. ಅದು ಹೊತ್ತು ಹೋದಂತೆ ಏರುತ್ತದೆ. ಸುಮ್ಮನೆ ಕೂತವರನ್ನು ಅದು ಇಲಿಯ ಹಾಗೆ ಸದ್ದಿಲ್ಲದೆ ತಿನ್ನುತ್ತದೆ. ನನ್ನ ಚಿಪ್ಸ್ ಕರಗುತ್ತಿದ್ದವು.

ಕೌಸ್ತುಭ್ ಫೋನ್ ಮಾಡಿದ. "ಹಿಲ್ಸ್‌ಬರೊ ಹತ್ರ ರಸ್ತೆ ಕೆಲಸ. ಸಾಲುಗಟ್ಟಿ ನಿಂತಿದೀವಿ. ಇದ್ದೀಯಾ?"

"ಇದ್ದೀನಿ. ಆರು ಜನ ಇದ್ದೀವಿ."

"ಸ್ವಲ್ಪ ಮೆಲ್ಲಗೆ ಆಡೇ."

"ಆಡೋದೆಲ್ಲಿ ಬಂತು? ಬರೀ ಉಸಿರಾಡ್ತಾ ಇದ್ದೀನಿ."

ಪ್ರತಿ ಸರದಿಗೂ ಗಡಿಯಾರ ಪೂರ್ತಿ ಮುಗಿಯುವ ತನಕ ಕಾದು ಕೊನೆಯ ಕ್ಷಣದಲ್ಲಿ ಎಲೆ ಕೆಳಗಿಡತೊಡಗಿದೆ. ಉಳಿದವರು ಬೈದರು. ಬೈಯಲಿ. ಅಂತೂ ನಾಲ್ಕು ಜನ ಉಳಿದೆವು. ಮೇಜಿನ ಚಿಪ್ಸ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಹಯಗ್ರೀವರದು. ನನ್ನದು ಎಲ್ಲರಿಗಿಂತ ಕಡಿಮೆ. ಆಗ ಕೌಸ್ತುಭ್ ಮತ್ತೆ ಫೋನ್ ಮಾಡಿದ. ದನಿ ತಗ್ಗಿಸಿ ಮಾತಾಡುತ್ತಿದ್ದ.

"ಬಂದುಬಿಟ್ಟೆ. ರೂಮಿನ ಹೊರಗೆ ಕೂತಿದೀನಿ."

ನನ್ನ ಕಣ್ಣಲ್ಲಿ ನೀರೇ ಬಂತು. "ಒಳಗೆ ಹೋಗು ಮತ್ತೆ!"

"ಹೋಗೋ ಹಾಗಿಲ್ವಂತೆ. ಸರ್ ಮೀಟಿಂಗ್‌ನಲ್ಲಿದ್ದಾರೆ, ಮುಗಿಯೋ ತನಕ ಯಾರನ್ನೂ ಬಿಡಬೇಡಿ ಅಂದಿದ್ದಾರೆ ಅಂತ ಇಲ್ಲಿ ಕೂತಿರೋ ಹುಡುಗಿ ಹೇಳ್ತಿದಾಳೆ."

ಆ ಮೀಟಿಂಗ್ ನನ್ನ ಕಣ್ಣೆದುರಿಗೇ ಇತ್ತು. ಅದರಲ್ಲಿ ನಾನೂ ಇದ್ದೆ. ನನ್ನ ಲೆಕ್ಕಾಚಾರದ ತಪ್ಪು ಈಗ ಕಾಣಿಸಿತು. ನಾನು ಉಳಿದಷ್ಟು ಹೊತ್ತೂ ಆಟ ನಡೆಯುತ್ತದೆ. ಆಟ ನಡೆಯುವಷ್ಟು ಹೊತ್ತೂ ಆ ಬಾಗಿಲು ತೆರೆಯುವುದಿಲ್ಲ. ನಾನು ಸೋತು ಹೊರಬಿದ್ದು, ಆಮೇಲೆ ಬಾಗಿಲು ತೆರೆದರೆ, ಕೌಸ್ತುಭ್ ಇಷ್ಟು ಹೊತ್ತೂ ಹೊರಗೆ ಕೂತು ಲ್ಯಾಪ್‌ಟಾಪಿನಲ್ಲಿ ಆಡುತ್ತಿದ್ದ ಎಂದೇ ಅವರು ತಿಳಿಯುತ್ತಾರೆ. ಅವನ ಬ್ಯಾಗಿನಲ್ಲಿ ಕ್ಲೈಂಟ್ ಕೊಟ್ಟ ಲ್ಯಾಪ್‌ಟಾಪ್ ಬೇರೆ ಇತ್ತು.

"ಬಾಗಿಲು ತಟ್ಟು ಕೌಸ್ತುಭ್."

"ಹೇಗೆ ತಟ್ಟಲಿ? ಕೋಪದಲ್ಲಿದ್ದಾರೆ ಅಂತ ನೀನೇ ಹೇಳಿದ್ಯಲ್ಲ. ನುಗ್ಗಿಬಿಟ್ರೆ ಇನ್ನೂ ಕೆಡುತ್ತೆ."

ಅವನು ತಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೋಟೆಲಿನಲ್ಲಿ ತಪ್ಪು ತಿಂಡಿ ತಂದಿಟ್ಟರೆ ಅದನ್ನೇ ತಿಂದು ಬರುವ ಮನುಷ್ಯ ಅವನು. ಉಳಿದದ್ದು ಒಂದೇ ದಾರಿ. ನಾನಿನ್ನೂ ಮೇಜಿನಲ್ಲಿ ಇರುವಾಗಲೇ ಹಯಗ್ರೀವರು ಹೊರಬೀಳಬೇಕು. ಅವರನ್ನು ನಾನೇ ಬೀಳಿಸಬೇಕು. ಯಾರ ಸಹಿಯ ಮೇಲೆ ನಮ್ಮ ಬದುಕು ನಿಂತಿದೆಯೋ ಅವರನ್ನು.

"ಫೋನ್ ಇಡು," ಎಂದೆ. "ಬಾಗಿಲ ಹತ್ರಾನೇ ನಿಂತ್ಕೋ. ತೆಗೆದ ತಕ್ಷಣ ಒಳಗೆ ಹೋಗು."

ಮುಂದಿನ ಸುತ್ತಿಗೆ ದೊಡ್ಡ ಬ್ಲೈಂಡ್ ನನ್ನದು. ಅದನ್ನು ಕಟ್ಟಿದರೆ ನನ್ನ ಬಳಿ ಯಾರನ್ನೂ ಹೆದರಿಸುವಷ್ಟು ಉಳಿಯುವುದಿಲ್ಲ. ಈ ಸುತ್ತಿಗೆ ಅದನ್ನು ಕಟ್ಟಿದವರು ಹಯಗ್ರೀವರು, ಮೊದಲ ಸರದಿ ನನ್ನದು. ಎಕ್ಕ ಮತ್ತು ಎಂಟು ಬಂದಿದ್ದವು. ಎಂದಿನ ನಾನಾಗಿದ್ದರೆ ಇಡುತ್ತಿದ್ದೆ. ಎಲ್ಲ ಚಿಪ್ಸ್ ಮುಂದೆ ತಳ್ಳುವ ಗುಂಡಿಯ ಮೇಲೆ ಬೆರಳು ನಿಂತಿತ್ತು, ಒತ್ತಲು ಬರುತ್ತಿರಲಿಲ್ಲ. ಗಡಿಯಾರ ಮುಗಿಯುತ್ತಾ ಬಂದಾಗ ಕಣ್ಣು ಮುಚ್ಚಿ ಒತ್ತಿದೆ.

ಇಬ್ಬರು ಬಿಟ್ಟುಕೊಟ್ಟರು. ಹರಟೆಯ ಪೆಟ್ಟಿಗೆಯಲ್ಲಿ, "ಓಹೋ, ಮಾಲಕರ ಮ್ಯಾಲೆ ಬರ್ತೀಯೇನು? ಬಾ," ಎಂದು ಬಂತು. ಅವರೂ ಅಷ್ಟೇ ಚಿಪ್ಸ್ ಇಟ್ಟು ಒಪ್ಪಿಕೊಂಡರು, ಆಟದ ಮಾತಿನಲ್ಲಿ 'ಕಾಲ್' ಮಾಡಿದರು. ಅವರದು ರಾಣಿ, ಗುಲಾಮ. ಮೇಜಿನ ಮೇಲೆ ಐದು ಎಲೆಗಳು ಒಂದೊಂದಾಗಿ ತೆರೆದುಕೊಂಡವು. ಯಾವುದೂ ಅವರಿಗೆ ಕೂಡಿ ಬರಲಿಲ್ಲ. ನನ್ನ ಎಕ್ಕ ನಿಂತಿತು. ಚಿಪ್ಸ್ ಇಮ್ಮಡಿಯಾದವು.

ಅವರು ಸಿಟ್ಟಾಗಿದ್ದರು. ಒಂದೂವರೆ ತಿಂಗಳಿಂದ ನೋಡುತ್ತಿದ್ದೆ, ಸೋತ ಮರುಕ್ಷಣವೇ ಅವರು ಎಲೆ ನೋಡದೆ ಮೇಲೆ ಬೀಳುತ್ತಾರೆ. ಹಾಗೇ ಆಯಿತು. ಮುಂದಿನ ಸುತ್ತಿನಲ್ಲಿ ಉಳಿದಿಬ್ಬರೂ ಬಿಟ್ಟ ಮೇಲೆ ಅವರು ಇದ್ದದ್ದನ್ನೆಲ್ಲ ತಳ್ಳಿದರು. ನನ್ನ ಕೈಯಲ್ಲಿ ಜೋಡಿ ಒಂಬತ್ತು.

ಇಲ್ಲಿ ಶಾಸ್ತ್ರ ಬಿಟ್ಟುಬಿಡು ಅನ್ನುತ್ತದೆ. ನಾಲ್ಕು ಜನ ಉಳಿದಾಗ ತಳ್ಳುವವರಿಗೆ ಲಾಭ, ಒಪ್ಪಿಕೊಳ್ಳುವವರಿಗೆ ಬರೀ ಅಪಾಯ. ನನಗಿಂತ ಬಡವಾದವರು ಮೇಜಿನಲ್ಲಿ ಇಬ್ಬರಿದ್ದರು. ಅವರು ಬೀಳುವವರೆಗೆ ಕಾದರೆ ಬಹುಮಾನ ಖಚಿತ. ನಾನು ಎಷ್ಟೋ ಸಲ ಇದಕ್ಕಿಂತ ದೊಡ್ಡ ಜೋಡಿಯನ್ನು ಕೆಳಗಿಟ್ಟು ನೆಮ್ಮದಿಯಾಗಿ ಮೂರನೆಯವಳಾಗಿದ್ದೇನೆ. ಆದರೆ ಇವತ್ತು ಬಹುಮಾನ ಯಾರಿಗೆ ಬೇಕಿತ್ತು? ಕಾಪೆಲ್‌ನಲ್ಲಿ ಒಂದು ಮುಚ್ಚಿದ ಬಾಗಿಲು, ಅದರ ಮುಂದೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೆವರುತ್ತಾ ನಿಂತ ನನ್ನ ಗಂಡ. ಒತ್ತಿದೆ.

ಅವರದು ರಾಜ ಮತ್ತು ಐದು. ಮೊದಲ ಮೂರು ಎಲೆಗಳಲ್ಲಿ ಒಂದು ಐದು ಬಂತು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಇನ್ನೊಂದು ಐದೋ ರಾಜನೋ ಬಂದರೆ ಮುಗಿಯಿತು. ನಾಲ್ಕನೆಯ ಎಲೆ ಎರಡು. ಐದನೆಯದು ರಾಣಿ. ರಾಣಿಯ ಮುಖವನ್ನು ರಾಜನೆಂದು ತಿಳಿದು ಪರದೆಯಿಂದ ಕಣ್ಣು ತಿರುಗಿಸಿದೆ. ಮತ್ತೆ ನೋಡಿದಾಗ ಚಿಪ್ಸ್ ನನ್ನ ಕಡೆ ಬರುತ್ತಿದ್ದವು.

ಅವರ ಬಳಿ ಒಂದು ಹಿಡಿ ಉಳಿದಿತ್ತು. ಅದನ್ನೂ ಮುಂದಿನ ಸುತ್ತಿನಲ್ಲೇ ಎಸೆದರು. ಇನ್ನು ನಾನು ಯಾವ ಎಲೆಯಿಂದ ಬೇಕಾದರೂ ಒಪ್ಪಿಕೊಳ್ಳಬಹುದಿತ್ತು. ಹತ್ತು ಮತ್ತು ಏಳರಿಂದ ಒಪ್ಪಿಕೊಂಡೆ. ಒಂದು ಏಳು ಬಿತ್ತು. ಕಾಪೆಲ್ ಕಿಂಗ್ ನಾಲ್ಕನೆಯವರಾಗಿ ಹೊರಬಿದ್ದರೆಂದು ಪರದೆಯ ಮೇಲೆ ಒಂದು ಸಾಲು ಮೂಡಿತು.

ಸಂತೋಷ ಆಗಲೇ ಇಲ್ಲ. ಹಿರಿಯರೊಬ್ಬರನ್ನು ಕಾಲಿನಿಂದ ಒದ್ದಂತೆ ಅನ್ನಿಸಿತು. ಪರದೆಯಲ್ಲಿ ಉಳಿದ ಇಬ್ಬರು ಅಪರಿಚಿತರು ಆಡುತ್ತಲೇ ಇದ್ದರು. ನಾನು ಬಂದ ಎಲೆಗಳನ್ನು ಇಡುತ್ತಾ ಫೋನನ್ನು ನೋಡುತ್ತಾ ಕೂತೆ. ಬಾಗಿಲು ತೆರೆಯಿತೋ? ಅವರು ಸಿಟ್ಟಿನಲ್ಲಿ ಕಂಪ್ಯೂಟರನ್ನೇ ಮುಚ್ಚಿಬಿಟ್ಟರೆ? ಕೌಸ್ತುಭ್ ಹೆದರಿ ಕೆಳಗೆ ಕಾರಿನ ಹತ್ತಿರ ಹೋಗಿಬಿಟ್ಟಿದ್ದರೆ?

ಫೋನ್ ಬಂತು. ಕೌಸ್ತುಭ್‌ನ ನಂಬರು. ಎತ್ತಿದರೆ ದನಿ ಅವನದಲ್ಲ.

"ಯಾರವಾ ಅಲ್ಲೆ ಆಡ್ಲಿಕ್ಕತ್ತಿದ್ದು?"

"ಕೌಸ್ತುಭ್ ಅಲ್ಲ ಸರ್."

"ಅದು ಕಾಣಸ್ತದ. ಅಂವಾ ನನ್ನ ಮುಂದ ಕಂಬದ್ಹಂಗ ನಿಂತಾನ, ಅವನ ಹೆಸರು ಇಲ್ಲೆ ಆಡ್ಲಿಕ್ಕತ್ತದ. ಇಷ್ಟು ದಿನ ನನ್ನ ಚಿಪ್ಸ್ ನುಂಗಿದಾಕಿ ನೀ ಏನು?"

ಪರದೆಯಲ್ಲಿ ನನ್ನ ಸರದಿ ಬಂತು, ಎಲೆ ಕೆಳಗಿಟ್ಟೆ.

"ಅಲ್ಲಾ, ಜೋಡಿ ಒಂಬತ್ತು ಹಿಡ್ಕೊಂಡು ಅಂಥಾದ್ರಾಗ ಕಾಲ್ ಮಾಡ್ತಾರೇನು? ಯಾವಾಗ್ಲೂ ಹೆದರಿ ಹೆದರಿ ಬಿಟ್ಟು ಓಡ್ತಿದ್ದಿ."

"ಇವತ್ತೂ ಹೆದರಿಯೇ ಕಾಲ್ ಮಾಡಿದ್ದು ಸರ್."

ಅವರು ನಕ್ಕರು. ದೊಡ್ಡ ನಗು. ನಾನು ಬಾಯಿ ತಪ್ಪಿ ಒಪ್ಪಿಕೊಂಡುಬಿಟ್ಟಿದ್ದೆ ಎಂದು ಆಮೇಲೆ ಗೊತ್ತಾಯಿತು. ನಗು ನಿಂತ ಮೇಲೆ ಅವರ ದನಿ ಮೆತ್ತಗಾಯಿತು. ಅದು ನನಗೆ ಇನ್ನೂ ಭಯ ತಂದಿತು.

"ನೋಡವಾ, ನೀ ಮನ್ಯಾಗ ಖಾಲಿ ಕೂತಿರ್ತಿ. ನನಗ ತಾಳ್ಮಿ ಇಲ್ಲ, ನಿನಗದ. ನನ್ನ ಅಕೌಂಟಿನ್ಯಾಗ ನೀ ಆಡು, ಗೆದ್ದದ್ದರಾಗ ಪಾಲು ಕೊಡ್ತೀನಿ. ನಿಮ್ಮ ಫೈಲೂ ಲಗೂನ ಮುಂದ ಹೋಗ್ತದ. ಏನಂತಿ?"

ಫೈಲಿನ ಮಾತನ್ನು ಅವರು ಪಾಲಿನ ಮಾತಿಗೆ ಅಂಟಿಸಿ ಇಟ್ಟಿದ್ದರು. ಹೂಂ ಎಂದರೆ ನಾಳೆಯಿಂದ ನಾನು ಅವರ ಆಳು. ಒಂದಲ್ಲ ಒಂದು ದಿನ ಅದೇ ಮಾತು ನಮ್ಮ ಕುತ್ತಿಗೆಗೆ ಬರುತ್ತದೆ. ಊಹೂಂ ಎಂದರೆ ಇವತ್ತೇ ಎಲ್ಲ ಮುಗಿಯಬಹುದು.

"ಆಗಲ್ಲ ಸರ್," ಎಂದೆ. "ನಿಮಗೋಸ್ಕರ ಆಡಿ ಪಾಲು ತಗೊಂಡ್ರೆ ಅದು ಕೆಲಸ ಆಗುತ್ತೆ. ನಾನು ಎಚ್-ಫೋರ್. ನನ್ನ ಕೈಲಿ ಕೆಲಸ ಮಾಡಿಸಿದ್ರೆ ನಿಮ್ಮ ಕಂಪನಿಗೂ ತೊಂದರೆ."

ನಾನು ಉಗುರಿನಿಂದ ಮೇಜಿನ ಅಂಚನ್ನು ಕೆರೆಯುತ್ತಿದ್ದೆ. ಅವರು, "ಹೂಸ್ಟನ್ನಿನ ನಮ್ಮ ವೀಸಾ ವಕೀಲನ್ಹಂಗ ಮಾತಾಡ್ತೀಯಲ್ಲ," ಎಂದರು. ಅದರಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ನಿಮ್ಮ ಫೈಲ್ ಆ ವಕೀಲನ ಕಡೆ ಕಳಸ್ತೀನಿ. ನೀ ಮಾತ್ರ ಇನ್ನ ನನ್ನ ಟೇಬಲ್ಲಿಗೆ ಬರಬ್ಯಾಡ."

"ಬರಲ್ಲ ಸರ್."

ಅವರು ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸಿತು. ಕತ್ತರಿಸಲು ಮರೆತಿದ್ದರು. "ಏ, ಕೂಡೋ. ಯಾಕ ನಿಂತಿ?" ಎಂದರು. ಕುರ್ಚಿ ಎಳೆದ ಸದ್ದು. ಆಮೇಲೆ, "ಟೆಸ್ಟಿಂಗ್ ಎಲ್ಲಿಗೆ ಬಂತು? ಮುಂದಿನ ರಿಲೀಸ್ ಯಾವಾಗ ಅಂತಾನ ಕ್ಲೈಂಟು?"

ಕೌಸ್ತುಭ್ ಗಂಟಲು ಸರಿಮಾಡಿಕೊಂಡ. ಡೇಟಾಬೇಸ್ ಬಗ್ಗೆ, ಯಾರೋ ರಜೆಯಲ್ಲಿರುವ ಬಗ್ಗೆ, ತಡವಾಗುವುದರ ಬಗ್ಗೆ ಹೇಳತೊಡಗಿದ. ಮನೆಯಲ್ಲಿ ಹೇಳಿದರೆ ನಾನು ಅರ್ಧಕ್ಕೇ ಎದ್ದು ಹೋಗುವ ಮಾತು. ಪರದೆಯಲ್ಲಿ ನನ್ನ ಸರದಿ ಬಂದು ಮುಗಿದು ಎಲೆಗಳು ತಾವಾಗಿಯೇ ಕೆಳಗೆ ಹೋಗುತ್ತಿದ್ದವು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು, ನನ್ನ ಉಸಿರು ಅವರಿಗೆ ಕೇಳಿಸಬಾರದೆಂದು ಬಾಯಿ ಮುಚ್ಚಿಕೊಂಡು, ಒಂದು ಮಾತೂ ಬಿಡದೆ ಕೇಳಿದೆ.